ನಾನೂರು ಜನರೆದುರು ನನ್ನ ಲಿವರ್

ಆ ಭಾನುವಾರ ಬೆಳಗಿನ ಐದಕ್ಕೇ ಎದ್ದು ಮೂರು ಶರ್ಟು ಹಾಕಿ ಬಿಚ್ಚಿದೆ. ಕೊನೆಗೆ ತಿಳಿನೀಲಿಯದು ಗೆದ್ದಿತು. ಹದಿನೆಂಟು ವರ್ಷ ಖಾಕಿ ತೊಟ್ಟವನಿಗೆ ಬಣ್ಣ ಆರಿಸುವುದು ಸುಲಭದ ಕೆಲಸವಲ್ಲ. ಹನ್ನೊಂದು ಗಂಟೆಗೆ ಕಾರವಾರದ ಶಿರವಾಡದಲ್ಲಿ, ನಾನೂರು ಜನರ ಎದುರು, ಮೈಕು ಹಿಡಿದು ನಾನು ನನ್ನ ಲಿವರಿನ ಬಗ್ಗೆ ಭಾಷಣ ಮಾಡುವುದಿತ್ತು. ನಗಬೇಡಿ. ನನ್ನ ಲಿವರಿಗೆ ಅಂದು ಅಷ್ಟು ಮರ್ಯಾದೆ ಇತ್ತು. ಅದರ ರಿಪೋರ್ಟನ್ನು ದೊಡ್ಡ ಪರದೆಯ ಮೇಲೆ ತೋರಿಸುವವರಿದ್ದರು, ಆಮೇಲೆ ನನಗೆ ಶಾಲು ಹೊದಿಸುವವರಿದ್ದರು.

“ಮದುಮಗನೂ ಇಷ್ಟು ಹೊತ್ತು ತಕಳೂದಿಲ್ಲ,” ಎಂದಳು ನನ್ನ ಹೆಂಡತಿ ಉಮಾ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಇನ್ನೂರು ಮಕ್ಕಳನ್ನು ಸಾಲಿನಲ್ಲಿ ಕೂರಿಸುವ ಹೆಂಗಸಿಗೆ ನಾನೊಬ್ಬ ಯಾವ ಲೆಕ್ಕ.

ನಾನು ಗಿರಿಧರ ನಾಯ್ಕ, ಅಂಕೋಲಾ–ಕಾರವಾರ ಬಸ್ಸಿನ ಕಂಡಕ್ಟರ್. ಟಿಕೆಟ್ ಕೊಡುವುದು ನನ್ನ ಉದ್ಯೋಗ, ಮಾತಾಡುವುದು ನನ್ನ ಚಟ. ಕಳೆದ ಜುಲೈನಲ್ಲಿ ನಮ್ಮ ನೌಕರರಿಗೆಲ್ಲ ಆರೋಗ್ಯ ತಪಾಸಣೆ ಆಯಿತು. ನನ್ನ ಹೊಟ್ಟೆಯ ಮೇಲೆ ತಣ್ಣಗಿನ ಅಂಟು ಬಳಿದು ಯಂತ್ರ ಆಡಿಸಿದವರು ‘ಫ್ಯಾಟಿ ಲಿವರ್, ಗ್ರೇಡ್ ಎರಡು’ ಎಂದು ಬರೆದುಕೊಟ್ಟರು. ತೂಕ ಇಳಿಸಿ, ಕುಡಿಯುವುದು ಬಿಡಿ, ದಿನಾ ನಡೆಯಿರಿ ಎಂದರು. ಇದನ್ನು ಹೇಳಲು ಡಾಕ್ಟರೇ ಬೇಕೇ? ಉಮಾ ಹತ್ತು ವರ್ಷದಿಂದ ಪುಕ್ಕಟೆ ಹೇಳುತ್ತಿದ್ದಾಳೆ.

ಆಗ ಸಿಕ್ಕವನು ಸಾಯಿನಾಥ. ಚಿತ್ತಾಕುಲದವನು, ವಾರಕ್ಕೆ ಎರಡು ಸಲ ನನ್ನ ಬಸ್ಸಿನಲ್ಲಿ ಅಂಕೋಲೆಗೆ ಬಂದು ಕಂಪನಿಯೊಂದರ ಗುಳಿಗೆ ಮಾರುತ್ತಿದ್ದ. ಕೇಸರಿ ಬಣ್ಣದ ದಪ್ಪ ಗುಳಿಗೆ, ಒಳಗೆ ಆಂಟಿಆಕ್ಸಿಡೆಂಟ್. “ಗಿರಿಧರಬಾಬ್, ತುಕ್ಕು ಗೊತ್ತಲ್ಲ ತುಕ್ಕು?” ಎಂದ. ಸಮುದ್ರದ ಬದಿಯವರಿಗೆ ತುಕ್ಕಿನ ಪಾಠ ಬೇಕೇ? ನಮ್ಮ ಮನೆಯ ಗೇಟು ಎರಡು ಮಳೆಗಾಲಕ್ಕೆ ಪುಡಿಯಾಗುತ್ತದೆ, ನನ್ನ ಬಸ್ಸಿನ ತಗಡಿನಲ್ಲಿ ರಸ್ತೆ ಕಾಣಿಸುತ್ತದೆ. “ಹಾಗೇ ಲಿವರಿಗೂ ತುಕ್ಕು ಹಿಡೀತದೆ. ಇದು ತುಕ್ಕು ತಡೆಯೋ ಪೇಂಟು,” ಎಂದ. ನನಗೆ ತಕ್ಷಣ ಅರ್ಥವಾಯಿತು. ಇಷ್ಟು ಬೇಗ ಅರ್ಥವಾಗುವ ವಿಷಯದ ಮೇಲೆ ಸ್ವಲ್ಪ ಅನುಮಾನ ಪಡಬೇಕು ಎಂಬ ಬುದ್ಧಿ ನನಗೆ ಆಗ ಇರಲಿಲ್ಲ.

ಡಬ್ಬಿ ಮನೆಗೆ ಬಂದಾಗ ಆಷಾಢ. ಆಷಾಢದಲ್ಲಿ ಹೊಸದೇನನ್ನೂ ಶುರು ಮಾಡಬಾರದೆಂದು ಉಮಾ ಅದನ್ನು ದೇವರ ಮುಂದೆ ಇಟ್ಟಳು. ಶ್ರಾವಣ ಹಿಡಿದ ಮೊದಲ ದಿನ, ಒಳ್ಳೆಯ ಗಳಿಗೆ ನೋಡಿ, ಸ್ನಾನ ಮಾಡಿ ಕೈಮುಗಿದು ಮೊದಲ ಗುಳಿಗೆ ನುಂಗಿದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಚೌತಿ ಮುಗಿದ ಮೇಲೆ ಕಾರವಾರದಲ್ಲಿ ಸ್ಕ್ಯಾನ್ ಮಾಡಿಸಿದರೆ ಏನಾಶ್ಚರ್ಯ! ಗ್ರೇಡ್ ಎರಡು ಹೋಗಿ ಗ್ರೇಡ್ ಒಂದು, ಅದೂ ಅಲ್ಪಸ್ವಲ್ಪ. ತೂಕ ನಾಲ್ಕು ಕಿಲೋ ಇಳಿದಿತ್ತು. ಆ ರಿಪೋರ್ಟನ್ನು ಮಡಚಿ ಟಿಕೆಟ್ ಯಂತ್ರದ ಚೀಲದಲ್ಲಿ ಇಟ್ಟುಕೊಂಡೆ.

ಮುಂದಿನ ನಾಲ್ಕು ತಿಂಗಳು ನನ್ನ ಬಸ್ಸು ಹತ್ತಿದವರು ಯಾರೂ ಅದನ್ನು ನೋಡದೆ ಇಳಿಯಲಿಲ್ಲ. ಅವರ್ಸಾದಲ್ಲಿ ಹತ್ತಿದವರು ಅಮದಳ್ಳಿ ಬರುವಷ್ಟರಲ್ಲಿ ಸಾಯಿನಾಥನ ನಂಬರು ಕೇಳುತ್ತಿದ್ದರು. ನಾನು ಒಂದು ರೂಪಾಯಿ ಕಮಿಷನ್ ಮುಟ್ಟಲಿಲ್ಲ. ನನಗೆ ಬೇಕಿದ್ದದ್ದು ಕೇಳುವ ಕಿವಿ, ಅದು ಬಸ್ಸಿನಲ್ಲಿ ಐವತ್ತೆರಡು ಜೊತೆ ಸಿಗುತ್ತಿತ್ತು.

ಹಾಗೆ ಕೇಳಿದವರಲ್ಲಿ ತಿಮ್ಮಣ್ಣನೂ ಒಬ್ಬ. ನನ್ನ ದೊಡ್ಡಪ್ಪನ ಮಗ, ಮಾವು–ಗೇರು ತೋಟಗಳಲ್ಲಿ ಕೂಲಿ ಮಾಡುತ್ತಾನೆ. ಆರು ವರ್ಷದ ಹಿಂದೆ ಅವನಿಗೆ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, ಲಿವರ್ ಗಟ್ಟಿಯಾಗಿದೆ ಎಂದು ಗೊತ್ತಾಗಿತ್ತು. ಅಂದೇ ಕುಡಿತ ಬಿಟ್ಟ. ಮತ್ತೆ ಮೂಸಿಯೂ ನೋಡಿಲ್ಲ. ಆದರೂ ಆರಾರು ತಿಂಗಳಿಗೆ ತಪ್ಪದೆ ಸ್ಕ್ಯಾನ್ ಮಾಡಿಸಬೇಕು, ಇಂಥ ಲಿವರಿನಲ್ಲಿ ಗಡ್ಡೆ ಹುಟ್ಟುವ ಭಯ ಇರುತ್ತದೆ ಎಂದಿದ್ದರು. ಪ್ರತಿ ಮೇ, ಪ್ರತಿ ನವೆಂಬರ್ ಒಂದು ದಿನದ ಕೂಲಿ ಬಿಟ್ಟು ನನ್ನ ಬಸ್ಸಿನಲ್ಲೇ ಕಾರವಾರಕ್ಕೆ ಹೋಗಿ ಬರುತ್ತಿದ್ದ. ಮೇ ತಿಂಗಳ ರಿಪೋರ್ಟು ಚೊಕ್ಕವಾಗಿತ್ತು. ನವೆಂಬರಿನಲ್ಲಿ ಅವನು ಬಸ್ಸು ಹತ್ತಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನಾನೇ ಅವನಿಗೆ ಮೂರು ಡಬ್ಬಿ ಕೊಡಿಸಿ, “ಇದಿರೂವಾಗ ಸ್ಕ್ಯಾನ್ ಎಂತಕೋ ತಿಮ್ಮಣ್ಣ, ಸುಮ್ಮನೆ ಕೂಲಿ ಹಾಳು,” ಎಂದಿದ್ದೆ. ಬಹಳ ದೊಡ್ಡ ಉಪಕಾರ ಮಾಡಿದೆನೆಂದು ಅಂದು ನನಗೆ ಖುಷಿಯೋ ಖುಷಿ.

ಈಗ ಜನವರಿ. ಸಾಯಿನಾಥನ ಕಂಪನಿ ಶಿರವಾಡದ ಮದುವೆ ಹಾಲಿನಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟುಕೊಂಡಿತ್ತು. ಗುಣವಾದವರು ವೇದಿಕೆಯಿಂದ ಮಾತಾಡಬೇಕು, ಮೊದಲ ಹೆಸರು ನನ್ನದು. “ಹೊಸ ರಿಪೋರ್ಟು ಒಂದು ಬೇಕು ಗಿರಿಧರಬಾಬ್,” ಎಂದಿದ್ದ ಸಾಯಿನಾಥ. “ಜುಲೈದು, ಸೆಪ್ಟೆಂಬರ್‌ದು, ಈಗಿನದು, ಮೂರೂ ಸಾಲಾಗಿ ಪರದೆ ಮೇಲೆ. ಜನ ಎದ್ದು ನಿಲ್ಲಬೇಕು!” ನಾನು ಗುಳಿಗೆ ಒಂದು ದಿನವೂ ತಪ್ಪಿಸಿರಲಿಲ್ಲ. ಈ ಸಲ ಗ್ರೇಡ್ ಸೊನ್ನೆ ಎಂದು ಡ್ರೈವರ್ ಹುಲಿಯಾನ ಹತ್ತಿರ ಪಂಥ ಕಟ್ಟಿದ್ದೆ.

ಚಹಾ ಕೂಡ ಕುಡಿಯದೆ ಖಾಲಿ ಹೊಟ್ಟೆಯಲ್ಲಿ ಉಮಾಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟರು ಹೊಡೆದೆ. ಬಿಣಗಾ ದಾಟುವಾಗ ಚಳಿಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ನಾನು ಮಾತ್ರ ಭಾಷಣ ಒಪ್ಪಿಸುತ್ತಿದ್ದೆ. “ಸನ್ಮಾನ್ಯ ಬಂಧುಗಳೇ...” ಎದುರಿನಿಂದ ಬಂದ ಮೀನಿನ ಲಾರಿಯವನು ಹಾರನ್ ಹೊಡೆದ. ಉಮಾ ನನ್ನ ಬೆನ್ನಿಗೆ ಗುದ್ದಿದಳು.

ಸ್ಕ್ಯಾನ್ ಸೆಂಟರ್ ಭಾನುವಾರ ಒಂದು ಗಂಟೆಯ ತನಕ ಮಾತ್ರ. ಒಂಬತ್ತೂವರೆಗೆ ನನ್ನ ಪಾಳಿ ಬಂತು. ಡಾಕ್ಟರ್ ನಿಶಾ, ಸೆಪ್ಟೆಂಬರಿನಲ್ಲಿ ನೋಡಿದವರೇ. ಯಂತ್ರವನ್ನು ನನ್ನ ಪಕ್ಕೆಲುಬಿನ ಕೆಳಗೆ ಒತ್ತಿ ಅತ್ತಿತ್ತ ಹೊರಳಿಸಿದರು. ನಾನು ಮಲಗಿದ್ದಲ್ಲೇ ಹಲ್ಲು ಬಿಟ್ಟುಕೊಂಡು ಕಾಯುತ್ತಿದ್ದೆ.

“ಗ್ರೇಡ್ ಎರಡು,” ಎಂದರು ಅವರು.

“ಅದು ಜುಲೈದು ಮೇಡಂ. ಈಗಿನದು ಹೇಳಿ.”

“ಈಗಿನದನ್ನೇ ಹೇಳ್ತಿದ್ದೇನೆ. ಎರಡಕ್ಕೆ ವಾಪಸ್ ಬಂದಿದೆ. ಸ್ವಲ್ಪ ಜಾಸ್ತಿಯೇ ಅನ್ನಿ.”

ನಾನು ಅಂಟು ಮೆತ್ತಿದ ಹೊಟ್ಟೆಯಲ್ಲೇ ಎದ್ದು ಕೂತೆ. ಸಾಧ್ಯವೇ ಇಲ್ಲ ಎಂದೆ. ಯಂತ್ರ ಕೆಟ್ಟಿರಬೇಕು ಎಂದೆ. ದಿನಕ್ಕೆ ಎರಡರ ಹಾಗೆ ಐದೂವರೆ ತಿಂಗಳು ನುಂಗಿದ್ದೇನೆ ಎಂದೆ. ನನ್ನ ದನಿಗೆ ಹೊರಗೆ ಕೂತಿದ್ದವರೆಲ್ಲ ಬಾಗಿಲ ಕಡೆ ತಿರುಗಿದರಂತೆ. ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಎರಡೂ ರಿಪೋರ್ಟು ಪಕ್ಕಪಕ್ಕ ಇಟ್ಟು ತಾರೀಖು ನೋಡಿದರು.

“ಆಗಸ್ಟಿನಲ್ಲಿ ಗುಳಿಗೆ ಬಿಟ್ಟು ಬೇರೆ ಏನು ಮಾಡಿದ್ರಿ? ಊಟ, ಕುಡಿತ, ಏನಾದ್ರೂ ಬದಲಾಗಿತ್ತಾ?”

“ಏನಿಲ್ಲ ಮೇಡಂ. ಯಾವಾಗಿನ ಹಾಗೇ.”

ಮೂಲೆಯಲ್ಲಿ ನನ್ನ ಶರ್ಟು ಹಿಡಿದು ನಿಂತಿದ್ದ ಉಮಾ ಹಣೆ ಹಣೆ ಬಡಿದುಕೊಂಡಳು. “ಶ್ರಾವಣ, ಡಾಕ್ಟ್ರೇ! ಶ್ರಾವಣ ಅಲ್ರಾ ಅದು! ಚೌತಿ ತನಕ ನಮ್ಮನೇಲಿ ಮೀನಿಲ್ಲ, ಕೋಳಿಲ್ಲ, ಇವ್ರು ಗುಂಡು ಮುಟ್ಟೂದಿಲ್ಲ. ಸೋಮವಾರ ಶನಿವಾರ ಒಪ್ಪತ್ತು. ಪ್ರತಿ ವರ್ಷ ಹಾಂಗೇಯ. ಚೌತಿ ಆದದ್ದೇ ಆದದ್ದು, ದಿನಾ ಬಂಗಡೆ ಹುರಿ ಅಂತ್ರು, ಆಯ್ತವಾರ ಬಂತು ಅಂದ್ರೆ ಬಾಟ್ಲಿ. ಗುಳಿಗೆ ಅದೆಯಲ್ಲ ಅಂದ್ಕಂಡು ಈ ಸಲ ಎರಡು ಪಟ್ಟು!”

ಡಾಕ್ಟರ್ ನಕ್ಕುಬಿಟ್ಟರು. ಉಮಾ ನಕ್ಕಳು. ನನಗೂ ತಡೆಯಲಾಗಲಿಲ್ಲ. ಕೆಲಸ ಮಾಡಿದ್ದು ಶ್ರಾವಣ, ಹೆಸರು ಪಡೆದದ್ದು ಕೇಸರಿ ಗುಳಿಗೆ! ಪ್ರತಿ ವರ್ಷ ನನ್ನ ಲಿವರ್ ಶ್ರಾವಣದಲ್ಲಿ ಸುಧಾರಿಸಿ ಚೌತಿಯ ನಂತರ ಕೆಡುತ್ತಿತ್ತೋ ಏನೋ, ಯಂತ್ರ ಹಿಡಿದು ನೋಡಿದವರು ಯಾರು? ಒಳ್ಳೆಯ ದಿನ ನೋಡಿ ಶುರು ಮಾಡಿದ್ದೇ ನಮಗೆ ಮುಳುವಾಯಿತು. ಆಷಾಢದಲ್ಲೇ ನುಂಗಿ, ಶ್ರಾವಣಕ್ಕೆ ಮೊದಲೇ ಸ್ಕ್ಯಾನ್ ಮಾಡಿಸಿದ್ದರೆ ಅಂದೇ ಬಣ್ಣ ಬಯಲಾಗುತ್ತಿತ್ತು.

“ಹಾಗಾದ್ರೆ ಇದು ಬರೇ ದಂಡವಾ ಮೇಡಂ?” ಎಂದು ಜೇಬಿನಿಂದ ಡಬ್ಬಿ ತೆಗೆದು ಕೊಟ್ಟೆ. ಅವರು ಕನ್ನಡಕ ಏರಿಸಿ ಸಣ್ಣ ಅಕ್ಷರ ಓದಿದರು.

“ದಂಡ ಅಂತಲೂ ಹೇಳೋದಿಲ್ಲ, ಒಳ್ಳೇದು ಅಂತಲೂ ಹೇಳೋದಿಲ್ಲ. ಇದರಲ್ಲಿರೋ ವಿಟಮಿನ್ ಇ ಇದೆಯಲ್ಲ, ಫ್ಯಾಟಿ ಲಿವರಿನ ಕೆಲವರಿಗೆ ಡಾಕ್ಟರೇ ಬರೆದುಕೊಡೋದುಂಟು. ನೋಡಿ, ಅಳೆದು, ಕೆಲವರಿಗೆ ಮಾತ್ರ. ಲ್ಯಾಬಿನಲ್ಲಿ ಇಲಿಗಳ ಮೇಲೆ ಮಾಡಿದ ಕೆಲವು ಪ್ರಯೋಗದಲ್ಲಿ ಇಂಥವು ಲಿವರನ್ನು ಕಾಪಾಡಿವೆ. ಇನ್ನು ಕೆಲವದರಲ್ಲಿ ಕ್ಯಾನ್ಸರಿನ ಜೀವಕೋಶವನ್ನೂ ಕಾಪಾಡಿವೆ, ಗಡ್ಡೆ ಬೇಗ ಬೆಳೆದಿದೆ. ಗುಳಿಗೆಗೆ ಒಳ್ಳೇ ಕೋಶ ಯಾವುದು, ಕೆಟ್ಟ ಕೋಶ ಯಾವುದು ಅಂತ ಗೊತ್ತಾಗೋದಿಲ್ಲ ನೋಡಿ. ಮನುಷ್ಯರಲ್ಲಿ ಏನಾಗ್ತದೆ ಅಂತ ಇನ್ನೂ ಗಟ್ಟಿಯಾಗಿ ಯಾರಿಗೂ ಗೊತ್ತಿಲ್ಲ. ನೀವು ನಿಲ್ಲಿಸಿ, ಶ್ರಾವಣದ ಹಾಗೆ ಊಟ ಮಾಡಿ, ಸಾಕು. ನನಗೆ ಭಯ ಇರೋದು ನಿಮ್ಮ ಬಗ್ಗೆ ಅಲ್ಲ. ಮೊದಲೇ ಲಿವರ್ ಗಟ್ಟಿಯಾದವರು ಇದನ್ನ ನುಂಗಿಕೊಂಡು, ಗುಣ ಆಯ್ತು ಅಂತ ಸ್ಕ್ಯಾನ್ ತಪ್ಪಿಸ್ತಾರಲ್ಲ, ಅವರ ಬಗ್ಗೆ.”

ನನ್ನ ನಗು ಅಲ್ಲೇ ನಿಂತಿತು. ಉಮಾ ನನ್ನ ಮುಖ ನೋಡಿದಳು. ಇಬ್ಬರ ಬಾಯಲ್ಲೂ ಒಂದೇ ಹೆಸರು ಬಂತು: ತಿಮ್ಮಣ್ಣ.

ಅವನು ಆ ಹೊತ್ತಿಗೆ ಶಿರವಾಡದ ಹಾಲಿನಲ್ಲಿ ಕೂತಿದ್ದ. ನನ್ನ ಭಾಷಣ ಕೇಳಲೆಂದೇ ಅಂಕೋಲೆಯಿಂದ ಕಂಪನಿಯವರು ಮಾಡಿದ್ದ ಪುಕ್ಕಟೆ ಟೆಂಪೋದಲ್ಲಿ ಹೆಂಡತಿ ನಾಗಮ್ಮನ ಜೊತೆ ಬಂದಿದ್ದ. ವಿಷಯ ಹೇಳಿದೆ. ಡಾಕ್ಟರ್ ಗಡಿಯಾರ ನೋಡಿ, “ಮಧ್ಯಾಹ್ನ ಒಂದು ಗಂಟೆಯೊಳಗೆ ಕರ್ಕೊಂಡು ಬಂದರೆ ನಾನೇ ನೋಡ್ತೇನೆ. ಆದರೆ ಖಾಲಿ ಹೊಟ್ಟೆಯಲ್ಲಿರಬೇಕು,” ಎಂದರು. ಇನ್ನೊಂದು ದಿನ ಕರೆತಂದರಾಯಿತು ಎಂದು ನೀವು ಹೇಳಬಹುದು. ತಿಮ್ಮಣ್ಣನನ್ನು ನೀವು ನೋಡಿಲ್ಲ. ಮಾವಿಗೆ ಹೂ ಬಂದ ಕಾಲ, ತೋಟದಲ್ಲಿ ಔಷಧಿ ಹೊಡೆಯುವ ಕೆಲಸ; ಇವತ್ತು ಅವನನ್ನು ಬಿಟ್ಟರೆ ಮತ್ತೆ ಮೇ ತಿಂಗಳಿಗೇ ಕೈಗೆ ಸಿಗುವುದು.

ಸ್ಕೂಟರಿನ ಹತ್ತಿರ ಓಡುತ್ತ ನಾಗಮ್ಮತ್ತಿಗೆಗೆ ಫೋನ್ ಹಚ್ಚಿದೆ. ಆ ಕಡೆ ಧ್ವನಿವರ್ಧಕದ ಗದ್ದಲ.

“ಅತ್ತಿಗೆ, ತಿಮ್ಮಣ್ಣ ಎಂತಾದ್ರೂ ತಿಂದಿದ್ನಾ?”

“ಇಲ್ವೋ, ಟೆಂಪೋದಲ್ಲಿ ವಾಂತಿ ಬತ್ತದೆ ಅಂತ ಹೇಳಿ ಮನೇಲೂ ಎಂತಾ ತಿಂದಿಲ್ಲ. ಈಗ ಶಿರಾ ಕೊಡ್ತಾ ಇದ್ರು. ನಿಮ್ಗೂ ತೆಗ್ದಿಡ್ಬೇಕಾ?”

“ಅಂವಂಗೆ ತಿನ್ನೂಕೆ ಕೊಡ್ಬೇಡ! ಶಿರಾ ಕೊಡ್ಬೇಡ ಅತ್ತಿಗೆ!”

“ಎಂತಾ? ಹೆಚ್ಚಿಗೆ ಕೊಡ್ಬೇಕಾ? ಆಯ್ತ್ ಆಯ್ತ್.” ಫೋನ್ ಇಟ್ಟರು.

ಕಾರವಾರದ ಪೇಟೆಯಿಂದ ಶಿರವಾಡಕ್ಕೆ ನಾನು ಅಂದು ಸ್ಕೂಟರು ಓಡಿಸಿದ ಪರಿಯನ್ನು ನಮ್ಮ ಇಲಾಖೆಯವರು ನೋಡಿದ್ದರೆ ನನ್ನನ್ನು ಬಸ್ಸಿನ ಹತ್ತಿರವೂ ಬಿಡುತ್ತಿರಲಿಲ್ಲ. ಉಮಾ ಒಮ್ಮೆಯೂ ಮೆಲ್ಲಗೆ ಎನ್ನಲಿಲ್ಲ. “ಹೋಗಿ, ಹೋಗಿ, ಅಲ್ಲಿ ಸಂದು ಅದೆ, ನುಗ್ಗಿಸಿ,” ಎಂದು ಹಿಂದಿನಿಂದ ಹುರಿದುಂಬಿಸಿದಳು. ಭಾಷಣದ ಒಂದು ಸಾಲೂ ನೆನಪಿರಲಿಲ್ಲ.

ಹಾಲಿನ ಬಾಗಿಲಲ್ಲೇ ಸಾಯಿನಾಥ ಕೋಟು ತೊಟ್ಟು ನಿಂತಿದ್ದ. “ಬಾಬ್! ರಿಪೋರ್ಟ್! ರಿಪೋರ್ಟ್ ಕೊಡಿ, ಕಂಪ್ಯೂಟರಿಗೆ ಹಾಕ್ಬೇಕು!” ಲಕೋಟೆಯನ್ನು ಅವನ ಕೈಗೆ ತುರುಕಿ ಒಳಗೆ ನುಗ್ಗಿದೆ. ಎಡಗಡೆಯ ಆರನೇ ಸಾಲಿನಲ್ಲಿ ತಿಮ್ಮಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದ. ತೊಡೆಯ ಮೇಲೆ ಕಾಗದದ ತಟ್ಟೆ, ಅದರಲ್ಲಿ ಎರಡು ಪಾಲು ಶಿರಾ. ಮೊದಲ ತುತ್ತು ಬಾಯಿಯ ಹತ್ತಿರ ಹೋಗಿತ್ತು. ನಾನು ಹಾರಿ ತಟ್ಟೆ ಕಸಿದೆ. ಶಿರಾ ಎದುರಿನ ಸಾಲಿನ ಹೆಂಗಸೊಬ್ಬರ ಜಡೆಯ ಮೇಲೆ ಬಿತ್ತು.

“ಏ ಗಿರಿಯಾ! ಹುಚ್ಚ್ ಹಿಡೀತಾ ನಿಂಗೆ?” ತಿಮ್ಮಣ್ಣ ಎದ್ದು ನಿಂತ. ಬಡವ, ಆದರೆ ಮಾನಿಷ್ಠ ಮನುಷ್ಯ. ಅಷ್ಟು ಜನರ ನಡುವೆ ತಮ್ಮನೇ ತಟ್ಟೆ ಕಿತ್ತುಕೊಂಡರೆ ಯಾರಿಗೆ ಸಹನೆಯಾದೀತು?

“ತಿಮ್ಮಣ್ಣ, ಬಾ, ಸ್ಕ್ಯಾನ್ ಮಾಡ್ಸೂಕೆ ಹೋಗ್ವ. ಈಗ್ಲೇ. ಆ ಗುಳಿಗೆ ಎಂತದೂ ಮಾಡ್ಲಿಲ್ಲ. ನಾ ಹೇಳದ್ದೆಲ್ಲ ತಪ್ಪು.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನಾಕ್ ತಿಂಗ್ಳು ಬಸ್ಸಲ್ಲಿ ಊರಿಗೆಲ್ಲ ಹೇಳ್ದೆ. ಈಗ ನನ್ನ ಕಿವೀಲಿ ಬಂದು ತಪ್ಪು ಅಂತ್ಯಾ? ಯಾರ ಹತ್ರ ಜಗಳ ಮಾಡ್ಕಂಡೆ? ಆ ಸಾಯಿನಾಥನ ಹತ್ರಾ?”

“ಜಗಳ ಅಲ್ಲ ಮಾರಾಯ, ದೇವ್ರಾಣೆ!”

“ನಂಗೆ ಈಗ ಹೊಟ್ಟೆಗೆ ಹಿತ ಅದೆ, ಊಟ ಸೇರ್ತದೆ. ನೀ ಹೇಳದ್ದು ಸುಳ್ಳಾದ್ರೆ ನಾಕ್ ಜನರೆದ್ರು ಹೇಳು. ಅಲ್ಲಿ ಹತ್ತಿ ಹೇಳು. ಆಮೇಲೆ ನಾ ಬತ್ತೆ.” ವೇದಿಕೆಯ ಕಡೆ ಕೈ ತೋರಿಸಿ ಕೂತುಬಿಟ್ಟ. ಜಮೀನಿನ ಜಗಳವಿರಲಿ, ಮದುವೆಯ ಮಾತಿರಲಿ, ನಮ್ಮವರಲ್ಲಿ ಕಿವಿಯಲ್ಲಿ ಹೇಳಿದ್ದಕ್ಕೆ ಕಿಮ್ಮತ್ತಿಲ್ಲ; ನಾಲ್ಕು ಜನರ ಎದುರು ಆಡಿದ್ದೇ ಮಾತು. ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಒಂದು ಕ್ಷಣ ನನ್ನ ಮನಸ್ಸು ಹೊಯ್ದಾಡಿತು, ಸುಳ್ಳು ಹೇಳುವುದಿಲ್ಲ. ವೇದಿಕೆಯ ಮೇಲೆ ಹೂವು, ಮೈಕು, ಮಡಚಿಟ್ಟ ಕೆಂಪು ಶಾಲು. ನನ್ನ ಬಸ್ಸಿನವರು ಅರ್ಧ ಹಾಲು ತುಂಬಿದ್ದರು. ಸೋಮು ಬಂದಿದ್ದ, ಕುಪ್ಪ ಬಂದಿದ್ದ, ಇಬ್ಬರೂ ನನ್ನ ಮಾತು ನಂಬಿ ಡಬ್ಬಿ ಕೊಂಡವರು. ಇವರೆಲ್ಲರ ಎದುರು ನಾನೊಬ್ಬ ಪೆದ್ದ ಎಂದು ನಾನೇ ಸಾರಬೇಕು. ಹೇಗಾದರೂ ಪುಸಲಾಯಿಸಿ ಹೊರಗೆ ಕರೆದೊಯ್ಯಲಾಗದೇ ಎಂದು ಮತ್ತೊಮ್ಮೆ ತಿಮ್ಮಣ್ಣನ ಕಡೆ ನೋಡಿದೆ. ಅವನ ಕತ್ತಿನ ನರ ಎದ್ದು ಕಾಣುತ್ತಿತ್ತು. ಈ ವರ್ಷ ಅವನು ಇಷ್ಟು ಸೊರಗಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ಮಾತಾಡುವ ಗಡಿಬಿಡಿಯಲ್ಲಿ ಮುಖ ನೋಡುವುದು ಬಿಟ್ಟಿದ್ದೆ. ನಾಗಮ್ಮತ್ತಿಗೆ ಏನೂ ತಿಳಿಯದೆ ಒಮ್ಮೆ ನನ್ನನ್ನು, ಒಮ್ಮೆ ಗಂಡನನ್ನು ನೋಡುತ್ತಿದ್ದರು.

ನನ್ನ ಸರದಿ ಹನ್ನೊಂದಕ್ಕಿತ್ತು. ಗಂಟೆ ಹತ್ತೂಮುಕ್ಕಾಲು. ಕಂಪನಿಯ ದೊಡ್ಡವರು ಯಾರೋ ಆಗಷ್ಟೇ ದೀಪ ಹಚ್ಚಿ ಎರಡು ಮಾತಾಡಲು ಶುರು ಮಾಡಿದ್ದರು. ಮೆಟ್ಟಿಲು ಹತ್ತಿ ಹೋಗಿ ಅವರ ಕೈಯಿಂದಲೇ ಮೈಕು ತೆಗೆದುಕೊಂಡೆ.

“ನಾನು ಗಿರಿಧರ. ನಿಮ್ಮ ಕಂಡಕ್ಟರ್,” ಎಂದೆ. ಜನ ಚಪ್ಪಾಳೆ ತಟ್ಟಿದರು. “ಚಪ್ಪಾಳೆ ಬ್ಯಾಡ! ಮೊದ್ಲು ಕೇಳಿ. ಈ ಗುಳಿಗೆಯಿಂದ ನಂಗೆ ಗುಣ ಆಯ್ತು ಅಂತ ನಿಮ್ಗೆಲ್ಲ ಹೇಳಿದ್ದೆ ಅಲ್ಲಾ? ಆಗ್ಲಿಲ್ಲ. ಇವತ್ತು ಬೆಳಿಗ್ಗೆ ಸ್ಕ್ಯಾನ್ ಆಯ್ತು. ಲಿವರ್ ಮೊದ್ಲಿದ್ದಲ್ಲಿಗೇ ಬಂದು ಕೂತದೆ. ನಡುವೆ ಕಡಮೆ ಆಗಿತ್ತಲ್ಲ, ಅದು ಶ್ರಾವಣದ ದೆಸೆಯಿಂದ. ಮೀನು, ಗುಂಡು ಬಿಟ್ಟಿದ್ದೆ, ಒಪ್ಪತ್ತು ಮಾಡಿದ್ದೆ. ಅದು ನಂಗೇ ನೆನಪಿರ್ಲಿಲ್ಲ, ನನ್ನ ಹೆಂಡ್ತಿ ನೆನಪು ಮಾಡೂ ತನಕ!”

ಆಗ ಸರಿಯಾಗಿ ಹಿಂದಿನ ಪರದೆಯ ಮೇಲೆ ಮೂರು ರಿಪೋರ್ಟು ಸಾಲಾಗಿ ಮೂಡಿದವು. ಕಂಪ್ಯೂಟರ್ ಹಿಡಿದವನು ಓದಿಯೂ ನೋಡದೆ ಹಾಕಿದ್ದ. ಎರಡು, ಒಂದು, ಎರಡು. ಮುಂದಿನ ಸಾಲಿನಲ್ಲಿ ಯಾರೋ ಗಟ್ಟಿಯಾಗಿ ಓದಿದರು. ದೊಡ್ಡವರು ಕೈಸನ್ನೆ ಮಾಡಿದರು, ನನ್ನ ಮೈಕಿನ ಜೀವ ಹೋಯಿತು.

ಮೈಕು ಯಾರಿಗೆ ಬೇಕು? ತುಂಬಿದ ಬಸ್ಸಿನ ಹಿಂದಿನ ಬಾಗಿಲಿಂದ ಡ್ರೈವರಿಗೆ ಕೂಗುವವನು ನಾನು. ಎದೆಯಲ್ಲಿದ್ದ ದನಿಯನ್ನೆಲ್ಲ ಹೊರಗೆ ತೆಗೆದೆ. “ಇದು ವಿಷ ಅಂತ ನಾ ಹೇಳೂದಿಲ್ಲ! ಅಮೃತ ಅಂತ ಹೇಳೂಕೆ ನಂಗೆ ಎಂತಾ ಹಕ್ಕಿತ್ತು? ಯಾರಿಗೆ ಬೇಕು, ಯಾರಿಗೆ ಬ್ಯಾಡ ಅಂತ ಡಾಕ್ಟ್ರು ಹೇಳ್ಬೇಕು, ಕಂಡಕ್ಟರ್ ಅಲ್ಲ! ಲಿವರ್ ಕಾಯಿಲೆ ಇದ್ದವ್ರು ಇದ್ನ ನಂಬಿ ಸ್ಕ್ಯಾನ್ ಬಿಟ್ಟಿದ್ರೆ ನಾಳೇನೇ ಹೋಗಿ ಮಾಡ್ಸಿ! ನನ್ನ ಅಣ್ಣ ಬಿಟ್ಟಿದ್ದಾನೆ. ನನ್ನ ಮಾತು ಕೇಳಿ ಬಿಟ್ಟಿದ್ದಾನೆ. ತಿಮ್ಮಣ್ಣ, ನಾಕ್ ಜನರೆದ್ರು ಹೇಳು ಅಂದ್ಯಲ್ಲ, ನಾನೂರು ಜನರೆದ್ರು ಹೇಳ್ತೆ. ನಾ ತಪ್ಪು ಹೇಳ್ದೆ. ಏಳು, ಹೋಗ್ವ!”

ಗದ್ದಲವೋ ಗದ್ದಲ. ಒಬ್ಬರು ಡಬ್ಬಿ ಎತ್ತಿ ತೋರಿಸಿ ಬೈಯುತ್ತಿದ್ದರು, ಮತ್ತೊಬ್ಬರು ನನ್ನನ್ನೇ ಬೈಯುತ್ತಿದ್ದರು. ನನಗೆ ಯಾವುದೂ ತಾಗಲಿಲ್ಲ. ಆರನೇ ಸಾಲಿನಲ್ಲಿ ತಿಮ್ಮಣ್ಣ ಎದ್ದಿದ್ದ! ಅಂಗಿ ಸರಿಮಾಡಿಕೊಂಡು, ಕಾಲು ದಾಟಿಸಿಕೊಳ್ಳುತ್ತ, ಬಾಗಿಲ ಕಡೆ ಹೊರಟಿದ್ದ. ಅಂಥ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಹೊರಗೆ ಸಾಯಿನಾಥ ಕಾರಿನ ಬಾಗಿಲು ತೆರೆದು ನಿಂತಿದ್ದ. ಹೊಡೆಯಲು ಬಂದನೇನೋ ಎಂದುಕೊಂಡೆ. ಅವನ ಮುಖ ಬೆಳ್ಳಗಾಗಿತ್ತು. “ನಮ್ಮ ಆಯಿಗೂ, ಹೆತ್ತ ತಾಯಿಗೂ ಇದನ್ನೇ ಕೊಡ್ತಾ ಇದ್ದೆ ಬಾಬ್, ದೇವಾ ಶಪಥ. ಹತ್ತಿ ಎಲ್ಲರೂ, ಸ್ಕೂಟರಿನಲ್ಲಿ ನಾಲ್ಕು ಜನ ಹೇಗೆ ಹೋಗ್ತೀರಿ,” ಎಂದ. ದಾರಿಯುದ್ದಕ್ಕೂ ಅವನ ಫೋನು ಬಡಿದುಕೊಳ್ಳುತ್ತಿತ್ತು, ಅವನು ಎತ್ತಲಿಲ್ಲ.

ಹನ್ನೊಂದೂವರೆಗೆ ಸೆಂಟರ್ ಮುಟ್ಟಿದೆವು. ಎದುರಿಗೆ ಒಂಬತ್ತು ಜನರ ಪಾಳಿ. ಕೂತಲ್ಲಿ ಕೂರಲಾಗದೆ ನಾನು ಬಾಗಿಲಿಗೂ ಗೋಡೆಗೂ ಅಡ್ಡಾಡಿದೆ. ಹನ್ನೆರಡೂ ನಲವತ್ತಕ್ಕೆ ತಿಮ್ಮಣ್ಣನ ಹೆಸರು ಕರೆದರು. ನಾಗಮ್ಮತ್ತಿಗೆ ನನ್ನನ್ನೂ ಒಳಗೆ ಕರೆದರು, ಡಾಕ್ಟರ ಮಾತು ತಮಗೆ ತಿಳಿಯುವುದಿಲ್ಲ ಎಂದು.

ಡಾಕ್ಟರ್ ನಿಶಾ ಯಂತ್ರ ಆಡಿಸಿದರು. ನಿಲ್ಲಿಸಿದರು. ಅದೇ ಜಾಗಕ್ಕೆ ಮತ್ತೆ ಬಂದರು. ಪರದೆಯ ಬೂದುಬಣ್ಣದ ನಡುವೆ ಒಂದು ಸಣ್ಣ ಕಪ್ಪು ದುಂಡಗಿನದು ಕಾಣುತ್ತಿತ್ತು. ಅದರ ಎರಡು ಬದಿಗೆ ಗುರುತು ಇಟ್ಟು ಅಳೆದರು.

“ಇಲ್ಲೊಂದು ಇದೆ,” ಎಂದರು ಮೆಲ್ಲಗೆ. “ಮೇ ತಿಂಗಳಲ್ಲಿ ಇರಲಿಲ್ಲ. ಒಂದೂವರೆ ಸೆಂಟಿಮೀಟರ್, ಒಂದು ಗೇರುಬೀಜದಷ್ಟೂ ಇಲ್ಲ. ಇದು ಏನು ಅಂತ ಸಿಟಿ ಸ್ಕ್ಯಾನ್ ಹೇಳಬೇಕು. ಕೆಟ್ಟದ್ದೇ ಆಗಿದ್ದರೂ ಒಂದೇ ಇದೆ, ಸಣ್ಣದಿದೆ. ಇಷ್ಟರಲ್ಲಿ ಸಿಕ್ಕಿದರೆ ಸುಟ್ಟು ತೆಗೆಯೋದಕ್ಕೆ, ಕತ್ತರಿಸಿ ತೆಗೆಯೋದಕ್ಕೆ ದಾರಿ ಇದೆ. ಪತ್ರ ಬರೆದುಕೊಡ್ತೇನೆ, ನಾಳೆಯೇ ದೊಡ್ಡ ಆಸ್ಪತ್ರೆಗೆ ಹೊರಡಿ.”

“ಗುಳಿಗೆಯಿಂದ ಬಂತಾ ಮೇಡಂ?” ಎಂದೆ.

“ಹಾಗೆ ಯಾರೂ ಹೇಳೋಕಾಗೋದಿಲ್ಲ. ಇಂಥ ಲಿವರಿನಲ್ಲಿ ಗುಳಿಗೆ ಇಲ್ಲದೆಯೂ ಬರ್ತದೆ.”

“ನವೆಂಬರಿನಲ್ಲೇ ನೋಡಿದ್ರೆ?”

ಅವರು ತಿಮ್ಮಣ್ಣನ ಹೊಟ್ಟೆಯ ಮೇಲಿನ ಅಂಟನ್ನು ಒರೆಸುತ್ತಿದ್ದರು. “ಆಗ ಇನ್ನೂ ಸಣ್ಣದಿರುತ್ತಿತ್ತು. ಕಾಣುತ್ತಿತ್ತೋ ಇಲ್ಲವೋ,” ಎಂದಷ್ಟೇ ಹೇಳಿ ಬರೆಯಲು ಕೂತರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಉಮಾ ಎಲ್ಲಿಂದಲೋ ಬನ್ಸು, ಚಹಾ ತಂದು ತಿಮ್ಮಣ್ಣನ ಕೈಗೆ ಕೊಟ್ಟಳು. ಬೆಳಗಿನಿಂದ ಹಸಿದವನು ಎರಡು ಬನ್ಸು ತಿಂದು, ಚಹಾ ಕುಡಿದು, ಬಾಯಿ ಒರೆಸಿಕೊಂಡ. ನಾಗಮ್ಮತ್ತಿಗೆ ಡಾಕ್ಟರ ಪತ್ರವನ್ನು ಸೆರಗಿನೊಳಗೆ ಹಿಡಿದು ಸದ್ದಿಲ್ಲದೆ ಅಳುತ್ತಿದ್ದರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ಕಪಾಳಕ್ಕೆ ಹೊಡೆದರೂ ಸರಿ ಎಂದುಕೊಂಡಿದ್ದೆ, ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು.

ತಿಮ್ಮಣ್ಣ ತನ್ನ ಒರಟು ಅಂಗೈಯನ್ನು ನನ್ನ ಮೊಣಕಾಲ ಮೇಲಿಟ್ಟ.

“ಅಳ್ಬೇಡ್ವೇ,” ಎಂದ ಹೆಂಡತಿಗೆ. “ಸಣ್ಣದದೆ ಅಂದ್ರಲ್ಲ. ನಮ್ಮ ಗಿರಿಯಾ ನನ್ನ ಹೊತ್ತಿಗೆ ಸರಿ ಕರ್ಕಂಡ್ ಬಂದ. ಇಲ್ದಿದ್ರೆ ನಮ್ಗೆ ಯಾರಿದ್ರು?”

ನಾಗಮ್ಮತ್ತಿಗೆ ಕಣ್ಣೊರೆಸಿಕೊಂಡು ನನಗೆ ಕೈಮುಗಿದರು. ನಾನು ಆ ಎರಡೂ ಕೈಗಳನ್ನು ಹಿಡಿದು ಕೆಳಗಿಳಿಸಿದೆ.